ವಾಚಿಗೆ ಸಫೈರ್, ಫೋನಿಗೆ ಗಾಜು: ಯಾವುದು ನಿಜವಾಗಿ ಗಟ್ಟಿ?

ಗಿರಿ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಅಪ್ಪ ಹೈಸ್ಕೂಲ್ ಮೇಷ್ಟ್ರು, ಮಾರ್ಚ್‌ನಲ್ಲಿ ನಿವೃತ್ತಿ. ನಾನು, ತಂಗಿ ಸೇರಿ ಒಂದು ಒಳ್ಳೆಯ ವಾಚ್ ಕೊಡಿಸೋಣ ಅಂತಿದ್ದೇವೆ. ಎರಡು ಮಾಡೆಲ್ ಇಷ್ಟ ಆಗಿವೆ. ನೋಡೋಕೆ ಎರಡೂ ಒಂದೇ ಥರ. ಒಂದಕ್ಕೆ ಮಿನರಲ್ ಗ್ಲಾಸ್, ಇನ್ನೊಂದಕ್ಕೆ ಸಫೈರ್ ಕ್ರಿಸ್ಟಲ್. ಸಫೈರ್ ಇರುವುದಕ್ಕೆ ಮೂರು ಸಾವಿರ ಜಾಸ್ತಿ.

ಅಂಗಡಿಯವರು "ಜೀವಮಾನ ಪೂರ್ತಿ ಗೀರು ಬೀಳಲ್ಲ, ಒಡೆಯೋದೂ ಇಲ್ಲ" ಅಂದರು. ಅಲ್ಲೇ ನಿಂತಿದ್ದ ಇನ್ನೊಬ್ಬ ಗಿರಾಕಿ "ಸಫೈರ್ ಕೆಳಗೆ ಬಿದ್ದರೆ ಪುಡಿಪುಡಿ" ಅಂದರು. ಯಾರನ್ನು ನಂಬೋದು?

ಇನ್ನೊಂದು ಪ್ರಶ್ನೆ. ಅಷ್ಟು ಗಟ್ಟಿ ಅಂದರೆ ಫೋನಿಗೆ ಯಾಕೆ ಸಫೈರ್ ಹಾಕಲ್ಲ? ನನ್ನ ಫೋನಿನ ಮೇಲೆ 9ಎಚ್ ಟೆಂಪರ್ಡ್ ಗ್ಲಾಸ್ ಇದೆ. ಸಫೈರ್ ಕೂಡ 9 ಅಂತ ಓದಿದೆ. ಹಾಗಾದರೆ ಎರಡೂ ಒಂದೇ ಅಲ್ವಾ?

ನಾಗರಭಾವಿ_ನವೀನ
ಕಣ್ಣು ಮುಚ್ಚಿಕೊಂಡು ಸಫೈರ್ ತಗೊಳ್ಳಿ. ಮೂರು ಸಾವಿರಕ್ಕೆ ಇಷ್ಟು ಯೋಚನೆ ಬೇಡ.

ಮಲ್ಲಿಗೆ_ಮಧ್ಯಾಹ್ನ
ಕಣ್ಣು ಮುಚ್ಚಿಕೊಳ್ಳೋದು ಯಾಕೆ? ಅಪ್ಪ ವಾಚ್ ಕಟ್ಟಿಕೊಂಡು ಏನು ಕೆಲಸ ಮಾಡುತ್ತಾರೆ ಅಂತ ಮೊದಲು ಕೇಳಬೇಕು. ಗಿರಿ, ನಿವೃತ್ತಿ ಆದ ಮೇಲೆ ಮನೆಯಲ್ಲೇ ಇರುತ್ತಾರಾ, ಏನಾದರೂ ಕೆಲಸ ಇದೆಯಾ?

ಗಿರಿ_ದಾವಣಗೆರೆ
ಚನ್ನಗಿರಿ ಹತ್ತಿರ ಅಡಿಕೆ ತೋಟ ಇದೆ. ದಿನಾ ಅಲ್ಲೇ ಇರುತ್ತಾರೆ. ವಾಚ್ ಬಿಚ್ಚಿಡುವ ಅಭ್ಯಾಸ ಇಲ್ಲ.

ಮೆಟಲರ್ಜಿ_ಮಂಜು
ಅಂಗಡಿಯವರ ಮಾತು ಅರ್ಧ ಸರಿ, ಆ ಗಿರಾಕಿ ಹೇಳಿದ್ದೂ ಅರ್ಧ ಸರಿ. ಗೀರು ಬೀಳದಿರುವುದು ಒಂದು ಗುಣ, ಒಡೆಯದಿರುವುದು ಬೇರೆಯೇ ಗುಣ. ಇಬ್ಬರೂ ಎರಡನ್ನೂ ಕಲಸಿಬಿಟ್ಟಿದ್ದಾರೆ.

ಮೊದಲು ಗೀರು. ಸಫೈರ್ ಅಂದರೆ ಹರಳುಗಟ್ಟಿದ ಅಲ್ಯೂಮಿನಿಯಂ ಆಕ್ಸೈಡ್. ಬಣ್ಣವಿಲ್ಲದ ನೀಲಮಣಿ ಅಂದುಕೊಳ್ಳಿ. ಮಾಣಿಕ್ಯವೂ ಇದೇ ವಸ್ತು, ಅದರಲ್ಲಿ ಚೂರು ಕ್ರೋಮಿಯಂ ಸೇರಿ ಕೆಂಪಾಗಿರುತ್ತದೆ. ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ಇದು 9, ವಜ್ರ 10. ಮಾಮೂಲಿ ಗಾಜು, ನೀವು ಹೇಳಿದ ಮಿನರಲ್ ಗ್ಲಾಸ್ ಕೂಡ, ಐದೂವರೆ, ಆರು. ಧೂಳಿನಲ್ಲಿರುವ ಸ್ಫಟಿಕದ ಮರಳು 7. ಪ್ರಶ್ನೆಯ ತಿರುಳು ಇಲ್ಲೇ ಇದೆ. ನಮ್ಮ ಸುತ್ತ ಎಲ್ಲಿ ನೋಡಿದರೂ ಮರಳಿನ ಕಣ. ಅದು ಗಾಜಿಗಿಂತ ಗಟ್ಟಿ, ಸಫೈರಿಗಿಂತ ಮೆತ್ತಗೆ. ಹಾಗಾಗಿ ಗಾಜಿಗೆ ಗೀರು ಬೀಳುತ್ತದೆ, ಸಫೈರಿಗೆ ಬೀಳಲ್ಲ.

ಮೋಸ್‌ನಲ್ಲಿ 6ಕ್ಕೂ 9ಕ್ಕೂ ಬರೀ ಮೂರು ಅಂಕಿ ಅಂತ ಅನ್ನಿಸಬಹುದು. ಆದರೆ ಅದು ಯಾವುದು ಯಾವುದನ್ನು ಗೀರುತ್ತದೆ ಅಂತ ಸಾಲಾಗಿ ನಿಲ್ಲಿಸಿದ್ದು ಅಷ್ಟೇ. ಮೊನೆ ಒತ್ತಿ ಗಡಸುತನ ಅಳೆಯುವ ವಿಕರ್ಸ್ ಅಳತೆಯಲ್ಲಿ ನೋಡಿದರೆ ಗಟ್ಟಿಗೊಳಿಸಿದ ಗಾಜು ಸುಮಾರು 600ರಿಂದ 700, ಸಫೈರ್ 2,000ದ ಆಸುಪಾಸು. ಮೂರು ಪಟ್ಟು.

ಒಡೆಯುವ ವಿಷಯ ಬೇರೆ. ಸಫೈರ್ ಬಗ್ಗಲ್ಲ. ಒಂದೇ ದಪ್ಪದ ತುಂಡುಗಳನ್ನು ಒಂದೇ ಅಳತೆಗೆ ಬಗ್ಗಿಸಬೇಕು ಅಂದರೆ ಗಾಜಿಗಿಂತ ಐದಾರು ಪಟ್ಟು ಬಲ ಬೇಕು. ಏಟು ಬಿದ್ದಾಗ ಗಾಜು ಸ್ವಲ್ಪ ಬಗ್ಗಿ ತಡೆದುಕೊಳ್ಳುತ್ತದೆ. ಸಫೈರ್ ತಡೆಯುವಷ್ಟು ತಡೆದು ಥಟ್ಟನೆ ಬಿರುಕು ಬಿಡುತ್ತದೆ.

ಕೋಟೆ_ಕಿರಣ
ಅಂದರೆ ಸಫೈರ್ ಒಡೆಯೋದು ಜಾಸ್ತಿ ಅಂತಲೇ ಆಯ್ತಲ್ಲ. ಹಾಗಾದರೆ ವಾಚಿಗೆ ಯಾಕೆ ಹಾಕುತ್ತಾರೆ? ಸುಮ್ನೆ ಬೆಲೆ ಏರಿಸೋಕೆ.

ಮೆಟಲರ್ಜಿ_ಮಂಜು
ಅಲ್ಲ ಕಿರಣ್. ಅಗಲ ಮತ್ತು ದಪ್ಪ ಎರಡನ್ನೂ ಲೆಕ್ಕಕ್ಕೆ ತಗೊಳ್ಳಿ. ವಾಚಿನ ಗಾಜು ಮೂರು, ಮೂರೂವರೆ ಸೆಂಟಿಮೀಟರ್ ಅಗಲ. ದಪ್ಪ ಒಂದರಿಂದ ಎರಡು ಮಿಲಿಮೀಟರ್, ಕೆಲವಕ್ಕೆ ಇನ್ನೂ ಜಾಸ್ತಿ. ಸುತ್ತ ಲೋಹದ ಕೇಸ್. ಫೋನಿನ ಗಾಜು ಆರೇಳು ಸೆಂಟಿಮೀಟರ್ ಅಗಲ, ಹದಿನೈದು ಉದ್ದ, ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಅಷ್ಟೇ. ಬೇಕಿದ್ದರೆ ನಿಪ್ಪಟ್ಟು, ಹಪ್ಪಳ ಅಂದುಕೊಳ್ಳಿ. ದಪ್ಪ ನಿಪ್ಪಟ್ಟನ್ನು ಮುರಿಯೋಕೆ ಕೈಗೆ ಬಲ ಬೇಕು, ದೊಡ್ಡ ಹಪ್ಪಳ ಮೂಲೆ ತಾಗಿದರೂ ಸೀಳುತ್ತದೆ.

ಫೋನ್ ಮೂಲೆ ಮೇಲೆ ಬಿದ್ದಾಗ ಚೌಕಟ್ಟೇ ಬಳುಕುತ್ತದೆ. ಮೇಲಿನ ಹಾಳೆಯೂ ಜೊತೆಗೆ ಬಳುಕಲೇಬೇಕು. ಆಗ ಗಾಜಿಗೆ ಅನುಕೂಲ. ವಾಚಿನಲ್ಲಿ ಬಳುಕುವ ಪ್ರಶ್ನೆಯೇ ಬರಲ್ಲ. ಅಲ್ಲಿ ದಿನಾ ಎದುರಾಗುವುದು ಉಜ್ಜಾಟ. ಅದಕ್ಕೇ ಅಲ್ಲಿ ಸಫೈರ್.

ಕೋಟೆ_ಕಿರಣ
ಇದು ಅರ್ಥ ಆಯ್ತು. ಆದರೂ ಮೂರು ಸಾವಿರ ಜಾಸ್ತಿ ಅನ್ನಿಸುತ್ತದೆ.

ಶಾರದಾ_ಸ್ಟೇಷನರಿ
9ಎಚ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದು ಪೆನ್ಸಿಲ್ ಲೆಕ್ಕ ರೀ! ಎಚ್‌ಬಿ, 2ಬಿ, 4ಎಚ್ ಅಂತ ಪೆನ್ಸಿಲ್ ಬರುತ್ತದಲ್ಲ, ಅದೇ. ಬಣ್ಣ, ವಾರ್ನಿಶ್ ಎಷ್ಟು ಗಟ್ಟಿ ಅಂತ ನೋಡಲು 750 ಗ್ರಾಂ ಭಾರ ಇಟ್ಟು ಪೆನ್ಸಿಲ್‌ನಿಂದ ಗೀರಿ ನೋಡುವ ಪರೀಕ್ಷೆ ಅದು. 9ಎಚ್ ಪೆನ್ಸಿಲ್‌ನಿಂದ ಗೀರು ಬೀಳಲಿಲ್ಲ ಅಂದರೆ 9ಎಚ್. ಮೋಸ್‌ನ 9ಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಪೆನ್ಸಿಲ್ ಮೊನೆಯಲ್ಲಿರುವುದು ಗ್ರಾಫೈಟು, ಜೇಡಿಮಣ್ಣು. ಮಾಮೂಲಿ ಕಿಟಕಿ ಗಾಜೂ ಈ ಪರೀಕ್ಷೆ ಪಾಸಾಗುತ್ತದೆ.

ಇದನ್ನು ಡಬ್ಬಿ ಮೇಲೆ ದೊಡ್ಡದಾಗಿ ಹಾಕಿ ಮಾರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಜನ ಸಫೈರಿನಷ್ಟು ಗಟ್ಟಿ ಅಂತಲೇ ನಂಬಿ ಕೊಳ್ಳುತ್ತಾರೆ.

ಗಿರಿ_ದಾವಣಗೆರೆ
ಅಬ್ಬಾ! ಇದು ಗೊತ್ತೇ ಇರಲಿಲ್ಲ.

ನಾಗರಭಾವಿ_ನವೀನ
ಹಾಗಂತ ಸ್ಕ್ರೀನ್ ಗಾರ್ಡ್ ತೆಗೆದು ಎಸೆಯಬೇಡಿ. ಅದರ ಮೇಲೆ ಗೀರು ಬಿದ್ದರೆ ಬಿತ್ತು, ಒಳಗಿನ ಗಾಜು ಉಳಿಯಿತಲ್ಲ. ನೂರು ರೂಪಾಯಿ ಹೋದರೆ ಹೋಗಲಿ.

ಇಳಕಲ್_ಕಲ್ಲು
ಕಲ್ಲಿನ ವ್ಯಾಪಾರದಲ್ಲಿ ಇರುವವನು, ಅದಕ್ಕೆ ಒಂದು ಮಾತು. ಫೋನನ್ನು ಅಡುಗೆಮನೆ ಸ್ಲ್ಯಾಬ್ ಮೇಲೆ ಮಕಾಡೆ ಇಡುವವರು ಗಮನಿಸಿ. ನಮ್ಮ ಇಳಕಲ್ ಗುಲಾಬಿ ಗ್ರಾನೈಟ್‌ನಲ್ಲಿ ಸ್ಫಟಿಕ ತುಂಬಾ ಇರುತ್ತದೆ. ಹತ್ತಿರದಿಂದ ನೋಡಿದರೆ ಗುಲಾಬಿ ಹರಳುಗಳ ನಡುವೆ ಬೂದು ಬಣ್ಣದ, ಗಾಜಿನ ಹಾಗೆ ಹೊಳೆಯುವ ಚುಕ್ಕೆ ಕಾಣುತ್ತವೆ. ಅವೇ ಸ್ಫಟಿಕ, 7. ಪಾಲಿಶ್ ಮಾಡಿದ ಕಲ್ಲು ನುಣ್ಣಗಿರುತ್ತದೆ, ನೇರವಾಗಿ ಗೀರುವುದು ಕಡಿಮೆ. ಆದರೆ ಅಂಚು ಪಾಲಿಶ್ ಆಗಿರಲ್ಲ. ಮೇಲೆ ಒಂದು ಮರಳಿನ ಕಣ ಕೂತಿದ್ದರೂ ಸಾಕು.

ಚಾಮರಾಜನಗರದ ಕರಿಕಲ್ಲು ಬೇರೆ. ಅದನ್ನು ಗ್ರಾನೈಟ್ ಅಂತ ಮಾರುತ್ತಾರೆ, ಅಸಲಿಗೆ ಡಾಲರೈಟ್ ಅನ್ನುವ ಬೇರೆ ಕಲ್ಲು. ಸ್ಫಟಿಕ ಇಲ್ಲ ಅನ್ನುವಷ್ಟು ಕಡಿಮೆ. ಗಡಸುತನ 6ರ ಸುತ್ತ.

ಮತ್ತೆ ಈಗ ಎಲ್ಲ ಕಡೆ ಎಂ ಸ್ಯಾಂಡ್. ಅದು ಹೊಸದಾಗಿ ಪುಡಿ ಮಾಡಿದ ಕಲ್ಲು, ಕಣಗಳ ಮೂಲೆ ಚೂಪು. ಹೊಳೆಮರಳು ಉರುಳಿ ಉರುಳಿ ಮೊಂಡಾಗಿರುತ್ತದೆ. ಮನೆ ಪಕ್ಕ ಕಟ್ಟಡದ ಕೆಲಸ ನಡೆಯುತ್ತಿದ್ದರೆ ವಾಚ್ ಗಾಜನ್ನು ಅಂಗಿಯ ತೋಳಿನಿಂದ ಒರೆಸಲೇಬೇಡಿ. ಮೊದಲು ಊದಿ, ಆಮೇಲೆ ನೀರಿನಲ್ಲಿ ತೊಳೆಯಿರಿ.

ಮಲ್ಲಿಗೆ_ಮಧ್ಯಾಹ್ನ
ಮೇಷ್ಟ್ರ ವಾಚಿಗೆ ಸೀಮೆಸುಣ್ಣದ ಪುಡಿ ಏನೂ ಮಾಡಲ್ಲ ತಾನೇ?

ಇಳಕಲ್_ಕಲ್ಲು
ಏನೂ ಮಾಡಲ್ಲ. ಅದು ಜಿಪ್ಸಂ, ಉಗುರಿನಿಂದಲೇ ಕೆರೆಯಬಹುದು.

ಗೋರಿಲ್ಲಾ_ಗಣೇಶ
ಫೋನ್ ಗಾಜನ್ನು ಇಲ್ಲಿ ಎಲ್ಲರೂ ಸುಮ್ನೆ "ಗಾಜು" ಅಂತ ತಳ್ಳಿಹಾಕುತ್ತಿದ್ದೀರಿ. ಅದು ಹೇಗೆ ತಯಾರಾಗುತ್ತದೆ ಅಂತ ನೋಡಿದರೆ ಗೌರವ ಬರುತ್ತದೆ.

ಬಸ್ಸಿನ ಕಿಟಕಿ ಗಾಜನ್ನು ಕಾಯಿಸಿ, ಗಾಳಿ ಊದಿ ತಟ್ಟನೆ ತಣಿಸಿ ಗಟ್ಟಿ ಮಾಡುತ್ತಾರೆ. ಫೋನಿನ ಗಾಜು ಅಷ್ಟು ತೆಳ್ಳಗಿರುವಾಗ ಆ ದಾರಿ ನಡೆಯಲ್ಲ. ಅದನ್ನು ಕರಗಿಸಿದ ಪೊಟ್ಯಾಸಿಯಂ ಉಪ್ಪಿನಲ್ಲಿ, ಸುಮಾರು 400 ಡಿಗ್ರಿ ಬಿಸಿಯಲ್ಲಿ, ಗಂಟೆಗಟ್ಟಲೆ ಮುಳುಗಿಸಿಡುತ್ತಾರೆ. ಗಾಜಿನ ಮೇಲ್ಪದರದಲ್ಲಿರುವ ಸೋಡಿಯಂ ಅಯಾನುಗಳು ಹೊರಗೆ ಬರುತ್ತವೆ. ಆ ಜಾಗಕ್ಕೆ ಅದಕ್ಕಿಂತ ದಪ್ಪನೆಯ ಪೊಟ್ಯಾಸಿಯಂ ಅಯಾನುಗಳು ಹೋಗಿ ಕೂರುತ್ತವೆ. ಜಾಗ ಸಾಲದೆ ಒತ್ತಿಕೊಂಡು ಕೂತಿರುತ್ತವೆ. ಬಿರುಕು ಬೆಳೆಯಬೇಕು ಅಂದರೆ ಗಾಜು ಬಾಯಿ ಬಿಡಬೇಕು, ಈ ಒತ್ತಡ ಅದನ್ನು ಮುಚ್ಚಿ ಹಿಡಿಯುತ್ತದೆ. ಕಾರ್ನಿಂಗ್ ಕಂಪನಿ 1960ರ ದಶಕದಲ್ಲೇ ಕೆಮ್‌ಕೋರ್ ಅಂತ ಇಂಥ ಗಾಜು ಮಾಡಿತ್ತು. ಆಗ ದೊಡ್ಡ ಗಿರಾಕಿ ಸಿಗಲಿಲ್ಲ. 2007ರಲ್ಲಿ ಮೊದಲ ಐಫೋನ್ ಬಂದಾಗ ಗೋರಿಲ್ಲಾ ಗ್ಲಾಸ್ ಆಗಿ ಜೀವ ಬಂತು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಈ ಉಪ್ಪಿನ ಸ್ನಾನದಿಂದ ಗಾಜು ಒಡೆಯುವುದು ಕಡಿಮೆ ಆಗುತ್ತದೆ. ಗೀರು ಬೀಳುವುದು ಅಷ್ಟೇನೂ ಕಡಿಮೆ ಆಗಲ್ಲ. ಯೂಟ್ಯೂಬ್‌ನಲ್ಲಿ ಗೀರಿ ತೋರಿಸುವ ವಿಡಿಯೋಗಳಲ್ಲಿ ವರ್ಷ ವರ್ಷವೂ ಅದೇ ಫಲಿತಾಂಶ: 6ರ ಮೊನೆಗೆ ತೆಳು ಗೀರು, 7ಕ್ಕೆ ಆಳದ ಗೀರು. 2020ರ ಗೋರಿಲ್ಲಾ ವಿಕ್ಟಸ್ ಎರಡು ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತದೆ ಅಂತ ಕಂಪನಿ ಹೇಳಿಕೊಂಡಿತು. ಮರಳಿಗೆ ಹೆದರುವುದು ಮಾತ್ರ ತಪ್ಪಲಿಲ್ಲ.

ಬೇ_ಏರಿಯಾ_ಬಸವ
ಫೋನಿಗೆ ಸಫೈರ್ ಹಾಕುವ ಪ್ರಯತ್ನ ಆಗಿದೆ, ಅದೂ ದೊಡ್ಡ ಮಟ್ಟದಲ್ಲಿ. 2013ರ ನವೆಂಬರ್‌ನಲ್ಲಿ ಆ್ಯಪಲ್ ಕಂಪನಿ ಸಫೈರ್ ಬೆಳೆಸುವ ಜಿಟಿ ಅಡ್ವಾನ್ಸ್ಡ್ ಟೆಕ್ನಾಲಜೀಸ್ ಜೊತೆ ಒಪ್ಪಂದ ಮಾಡಿಕೊಂಡಿತು. 57.8 ಕೋಟಿ ಡಾಲರ್ ಮುಂಗಡ. ಅರಿಜೋನಾದ ಮೇಸಾದಲ್ಲಿ ಕಾರ್ಖಾನೆ. ಐಫೋನ್ 6ಕ್ಕೆ ಸಫೈರ್ ಬರುತ್ತದೆ ಅಂತ ಎಲ್ಲರೂ ಕಾಯುತ್ತಿದ್ದರು. 2014ರ ಸೆಪ್ಟೆಂಬರ್‌ನಲ್ಲಿ ಫೋನ್ ಬಂತು, ಗಾಜಿನ ಜೊತೆ. ಅಕ್ಟೋಬರ್‌ನಲ್ಲಿ ಜಿಟಿ ದಿವಾಳಿ ಅರ್ಜಿ ಹಾಕಿತು.

ಕೋಟೆ_ಕಿರಣ
ನೋಡಿ! ನಾನು ಹೇಳಿದ್ದು ಅದೇ. ಅಷ್ಟು ದುಡ್ಡಿರುವ ಕಂಪನಿಯೇ ಕೈಬಿಟ್ಟಿತು ಅಂದ ಮೇಲೆ ಸಫೈರಿನಲ್ಲಿ ಏನೂ ಇಲ್ಲ.

ಬೇ_ಏರಿಯಾ_ಬಸವ
ಇಲ್ಲ ಕಿರಣ್, ಸೋತಿದ್ದು ತಯಾರಿಕೆ. ಸಫೈರನ್ನು 2,000 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಕರಗಿಸಿ ಒಂದೇ ದೊಡ್ಡ ಹರಳಾಗಿ ಬೆಳೆಸಬೇಕು. ನಿಧಾನವಾಗಿ ತಣಿಸಬೇಕು, ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ಕಾದ ಮೇಲೆ ಒಳಗೆ ಬಿರುಕೋ ಗುಳ್ಳೆಯೋ ಕಂಡರೆ ಆ ಭಾಗ ದಂಡ. ಆಮೇಲೆ ವಜ್ರದ ಪುಡಿ ಅಂಟಿಸಿದ ಗರಗಸದಿಂದ ಹಾಳೆ ಹಾಳೆಯಾಗಿ ಕೊಯ್ಯಬೇಕು, ಪಾಲಿಶ್ ಮಾಡಬೇಕು. ಇದೂ ಗಂಟೆಗಟ್ಟಲೆ ಕೆಲಸ. ಗಾಜು ಹಾಗಲ್ಲ, ಹಾಳೆಯಾಗಿಯೇ ಇಳಿದು ಬರುತ್ತದೆ. ಜಿಟಿಗೆ ಬೇಕಾದ ಗಾತ್ರದಲ್ಲಿ, ಬೇಕಾದಷ್ಟು ಒಳ್ಳೆಯ ಹರಳು ಬೆಳೆಸಲು ಆಗಲಿಲ್ಲ.

ಆ್ಯಪಲ್ ಸಫೈರನ್ನು ಪೂರ್ತಿ ಬಿಟ್ಟೂ ಇಲ್ಲ. 2012ರ ಐಫೋನ್ 5ರಿಂದ ಕ್ಯಾಮೆರಾ ಮೇಲಿನ ಸಣ್ಣ ಮುಚ್ಚಳ ಸಫೈರ್. 5ಎಸ್‌ನ ಬೆರಳಚ್ಚು ಬಟನ್ ಸಫೈರ್. 2015ರ ಮೊದಲ ಆ್ಯಪಲ್ ವಾಚ್‌ನಲ್ಲಿ ಅಲ್ಯೂಮಿನಿಯಂ ಮಾಡೆಲ್‌ಗೆ ಗಾಜು, ಸ್ಟೀಲ್ ಮಾಡೆಲ್‌ಗೆ ಸಫೈರ್. ಸಣ್ಣ ಜಾಗಕ್ಕೆ ಸಫೈರ್, ದೊಡ್ಡ ಜಾಗಕ್ಕೆ ಗಾಜು. ಮಂಜು ಹೇಳಿದ್ದು ಇದನ್ನೇ.

ಗೋರಿಲ್ಲಾ_ಗಣೇಶ
ಪೂರ್ತಿ ಸಫೈರ್ ಪರದೆಯ ಫೋನ್‌ಗಳೂ ಬಂದಿವೆ. 2014ರಲ್ಲಿ ಕ್ಯೋಸೆರಾ ಬ್ರಿಗೇಡಿಯರ್, 2017ರಲ್ಲಿ ಎಚ್‌ಟಿಸಿ ಯು ಅಲ್ಟ್ರಾದ ಸಫೈರ್ ಆವೃತ್ತಿ. ವರ್ಟು ಅನ್ನುವ ದುಬಾರಿ ಫೋನ್‌ಗಳಲ್ಲೂ ಇತ್ತು. ಯಾವುದೂ ಊರ ತುಂಬ ಹರಡಲಿಲ್ಲ.

ಬೈಕ್_ಬೆಳಗಾವಿ
ಬಿಸಿಲಿನ ವಿಷಯ ಯಾರೂ ಎತ್ತಿಲ್ಲ. ನನ್ನ ಹತ್ತಿರ ಸಫೈರ್ ವಾಚ್ ಇದೆ. ಮಧ್ಯಾಹ್ನ ಹೆದ್ದಾರಿಯಲ್ಲಿ ಟೈಮ್ ನೋಡಬೇಕು ಅಂದರೆ ಆಕಾಶವೇ ಕಾಣುತ್ತದೆ, ಮುಳ್ಳು ಕಾಣಲ್ಲ. ಹಳೆಯ ಮಾಮೂಲಿ ಗಾಜಿನ ವಾಚ್‌ನಲ್ಲಿ ಈ ತೊಂದರೆ ಇಷ್ಟು ಇರಲಿಲ್ಲ. ನನ್ನ ಕಣ್ಣಿನ ದೋಷವಾ?

ಮೆಟಲರ್ಜಿ_ಮಂಜು
ಕಣ್ಣು ಸರಿಯಾಗಿದೆ. ಸಫೈರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ, 1.76ರಿಂದ 1.77, ಗಾಜಿನದ್ದು 1.5ರ ಹತ್ತಿರ. ಇದು ಜಾಸ್ತಿ ಆದಷ್ಟೂ ಬೆಳಕು ವಾಪಸ್ ಬರುವುದು ಜಾಸ್ತಿ. ಗಾಜಿನ ಒಂದೊಂದು ಮುಖದಿಂದ ಸುಮಾರು 4 ಶೇಕಡಾ ಬೆಳಕು ವಾಪಸ್ ಆದರೆ ಸಫೈರಿನ ಒಂದೊಂದು ಮುಖದಿಂದ 7.5ಕ್ಕಿಂತ ಜಾಸ್ತಿ. ವಾಚ್ ಗಾಜಿಗೆ ಮೇಲೆ, ಕೆಳಗೆ ಎರಡು ಮುಖ. ಸೇರಿಸಿದರೆ 15 ಶೇಕಡಾ ಹತ್ತಿರ. ಅದಕ್ಕೆ ಒಳ್ಳೆಯ ವಾಚ್‌ಗಳಲ್ಲಿ ಹೊಳಪು ತಗ್ಗಿಸುವ ಲೇಪನ ಹಾಕುತ್ತಾರೆ. ನಿಮ್ಮದಕ್ಕೆ ಅದು ಇಲ್ಲ ಅಂತ ಕಾಣುತ್ತದೆ.

ಗಿರಿ, ಇದನ್ನು ಖಂಡಿತ ಕೇಳಿ ತಿಳಿದುಕೊಳ್ಳಿ. ತೋಟದಲ್ಲಿ, ಬಿಸಿಲಿನಲ್ಲಿ ಇರುವವರಿಗೆ ಲೇಪನ ಇಲ್ಲದ ಸಫೈರ್ ಕಿರಿಕಿರಿ.

ಚಿಕ್ಕಪೇಟೆ_ಗಡಿಯಾರ
ವಾಚ್ ರಿಪೇರಿ ನನ್ನ ಕಸುಬು, ಅಪ್ಪನ ಕಾಲದ ಅಂಗಡಿ. ಲೇಪನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಲೇಪನ ಒಳಮುಖಕ್ಕೆ ಮಾತ್ರ ಇರುವುದನ್ನು ತಗೊಳ್ಳಿ. ಹೊರಗೂ ಹಾಕಿದ್ದರೆ ಲೇಪನಕ್ಕೆ ಗೀರು ಬೀಳುತ್ತದೆ. ಜನ ಬಂದು "ಸಫೈರ್ ಅಂತ ಮೋಸ ಮಾಡಿದರು" ಅಂತ ಜಗಳಕ್ಕೆ ನಿಲ್ಲುತ್ತಾರೆ. ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿ ನೋಡಿದರೆ ಗೊತ್ತಾಗುತ್ತದೆ: ನೀಲಿ ಛಾಯೆಯ ಪದರದಲ್ಲಿ ಕೂದಲಿನಂಥ ಗೆರೆ, ಕೆಳಗಿನ ಸಫೈರ್ ಹಾಗೇ ಇರುತ್ತದೆ.

ಇನ್ನು ಅಸಲಿ, ನಕಲಿ. ನೀರಿನ ಹನಿ ಬಿಟ್ಟು ನೋಡಿ, ಗುಂಡಗೆ ನಿಂತರೆ ಸಫೈರ್ ಅಂತ ಹೇಳುತ್ತಾರೆ. ನಂಬಬೇಡಿ. ಲೇಪನ ಇದ್ದರೆ, ಬೆರಳಿನ ಎಣ್ಣೆ ತಾಗಿದ್ದರೆ ಹನಿಯ ಆಕಾರವೇ ಬದಲಾಗುತ್ತದೆ. ನಾನು ಬಳಸುವುದು ವಜ್ರ ಪರೀಕ್ಷಿಸುವ ಪೆನ್. ಅದು ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ನೋಡುತ್ತದೆ. ಗಾಜಿಗೆ ಇಟ್ಟರೆ ಮುಳ್ಳು ಅಲ್ಲಾಡಲ್ಲ. ಸಫೈರಿಗೆ ಇಟ್ಟರೆ ಕೆಳಗಿನ ಗೆರೆಗಳ ತನಕ ಏರುತ್ತದೆ. ಅಕ್ಕಸಾಲಿ ಅಂಗಡಿಯಲ್ಲೂ ಈ ಪೆನ್ ಇರುತ್ತದೆ, ಕೇಳಿದರೆ ನೋಡಿ ಹೇಳುತ್ತಾರೆ.

"ಸಫೈರ್ ಕೋಟೆಡ್" ಅಂತ ಬರೆದಿದ್ದರೆ ಅದು ಮಿನರಲ್ ಗಾಜಿನ ಮೇಲೆ ತೆಳು ಪದರ ಅಷ್ಟೇ. ಅದಕ್ಕೆ ಸಫೈರಿನ ಬೆಲೆ ಕೊಡಬೇಡಿ.

ಎಚ್‌ಎಂಟಿ_ಅಭಿಮಾನಿ
ನಮ್ಮ ಎಚ್‌ಎಂಟಿ ಜನತಾಗೆ ಪ್ಲಾಸ್ಟಿಕ್ ಗಾಜು. ಎಷ್ಟು ಗೀರು ಬಿದ್ದರೂ ಪಾಲಿಶ್ ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೊಸದರಂತೆ. ಚಂದ್ರನ ಮೇಲೆ ಹೋದ ಒಮೆಗಾ ಸ್ಪೀಡ್‌ಮಾಸ್ಟರ್‌ಗೂ ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ ಗಾಜೇ ಇತ್ತು, ಚೂರುಚೂರಾಗಿ ಒಡೆಯಲ್ಲ ಅಂತ. ಈಗಲೂ ಅದನ್ನು ಅಕ್ರಿಲಿಕ್‌ನಲ್ಲೂ ಸಫೈರ್‌ನಲ್ಲೂ ಮಾರುತ್ತಾರೆ. ಗಿರಿ, ಅಪ್ಪನಿಗೆ ಒಂದು ಹಳೆಯ ಜನತಾ ಹುಡುಕಿ ಕೊಡಿ. ಯಾವ ಸಫೈರ್ ವಾಚೂ ಆ ಸಂತೋಷ ಕೊಡಲ್ಲ.

ಮೆಟಲರ್ಜಿ_ಮಂಜು
ಜನತಾದ ಒಳಗೂ ಸಫೈರಿನ ವಸ್ತುವೇ ಇದೆ ಗೊತ್ತಾ? "17 ಜ್ಯುವೆಲ್ಸ್" ಅಂತ ಡಯಲ್ ಮೇಲೆ ಬರೆದಿರುತ್ತದಲ್ಲ, ಅವು ಕೃತಕ ಮಾಣಿಕ್ಯದ ಬೇರಿಂಗ್‌ಗಳು. ಹಲ್ಲುಚಕ್ರದ ಅಚ್ಚು ವರ್ಷಗಟ್ಟಲೆ ತಿರುಗಿದರೂ ಸವೆಯಬಾರದು ಅಂತ. ಫ್ರಾನ್ಸ್‌ನ ಆಗಸ್ಟ್ ವರ್ನ್ಯೂಯಿ 1902ರಲ್ಲಿ ಕೃತಕ ಮಾಣಿಕ್ಯ ಮಾಡುವ ವಿಧಾನ ಪ್ರಕಟಿಸಿದ. ಉರಿಯುವ ಜ್ವಾಲೆಯ ಮೂಲಕ ಪುಡಿ ಉದುರಿಸಿ, ಕರಗಿದ ಹನಿ ಮೇಲೆ ಹನಿ ಬೀಳಿಸಿ ಹರಳು ಬೆಳೆಸುವುದು. ವಾಚ್ ಗಾಜಿನ ಸಫೈರನ್ನು ಇವತ್ತಿಗೂ ಈ ವಿಧಾನದಲ್ಲೂ ಬೆಳೆಸುತ್ತಾರೆ.

ಎಚ್‌ಎಂಟಿ_ಅಭಿಮಾನಿ
ಇದು ಓದಿ ಖುಷಿಯಾಯ್ತು. 1961ರಲ್ಲಿ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ. ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂ ನೋಡದವರು ಒಮ್ಮೆ ಹೋಗಿ ಬನ್ನಿ.

ನಾಗರಭಾವಿ_ನವೀನ
ಎಚ್‌ಎಂಟಿ ಮೇಲೆ ನನಗೂ ಪ್ರೀತಿ ಇದೆ. ಆದರೆ ದಿನಾ ತೋಟಕ್ಕೆ ಕಟ್ಟುವುದಕ್ಕೆ ಬೇಡ. ಹಳೆಯ ಜನತಾಗೆ ನೀರು ತಡೆಯುವ ಶಕ್ತಿ ಇರಲ್ಲ, ಸ್ಪ್ರಿಂಕ್ಲರ್ ನೀರು ಬಿದ್ದರೂ ಕಷ್ಟ. ನಮ್ಮವರದ್ದೇ ಸಫೈರ್ ಬೇಕಿದ್ದರೆ ಟೈಟನ್ ಎಡ್ಜ್ ಇದೆ. 2002ರಲ್ಲಿ ಬಂದಿದ್ದು, ಮೂರೂವರೆ ಮಿಲಿಮೀಟರ್ ದಪ್ಪದ ವಾಚ್. ಅಷ್ಟು ತೆಳ್ಳಗೆ ಮಾಡಿಯೂ ಸಫೈರ್ ಕೂರಿಸಿದ್ದಾರೆ.

ಚಿಕ್ಕಪೇಟೆ_ಗಡಿಯಾರ
ಎಡ್ಜ್ ಒಳ್ಳೆಯ ವಾಚ್, ಆದರೆ ಮದುವೆ, ಆಫೀಸಿಗೆ. ಅಡಿಕೆ ತೋಟಕ್ಕಲ್ಲ.

ಗಿರಿ, ತೋಟ ಅಂದರೆ ಏಟು ಬೀಳುವುದಕ್ಕಿಂತ ಮಣ್ಣು, ಮರಳು ಉಜ್ಜುವುದು ಜಾಸ್ತಿ. ನನ್ನ ಹತ್ತಿರ ಬರುವ ರೈತರ ವಾಚ್‌ಗಳಲ್ಲಿ ಒಡೆದ ಗಾಜು ಅಪರೂಪ, ಮಬ್ಬಾದ ಗಾಜು ತುಂಬಾ. ಟೈಮೇ ಕಾಣದಷ್ಟು ಮಬ್ಬು. ಸಫೈರೇ ತಗೊಳ್ಳಿ. ಆದರೆ ಮೂರು ವಿಷಯ ನೋಡಿ. ಗಾಜು ಚಪ್ಪಟೆ ಇರಲಿ, ಗುಮ್ಮಟದ ಹಾಗೆ ಉಬ್ಬಿರುವುದು ಬೇಡ. ಸುತ್ತಲಿನ ಲೋಹದ ಅಂಚು ಗಾಜಿಗಿಂತ ಕೂದಲೆಳೆಯಷ್ಟಾದರೂ ಮೇಲಿರಲಿ, ಏಟು ಮೊದಲು ಅದಕ್ಕೆ ಬೀಳುತ್ತದೆ. ಸಫೈರ್ ಒಡೆಯುವುದು ಅಂಚಿನಿಂದಲೇ. ಮತ್ತೆ 100 ಮೀಟರ್ ನೀರು ತಡೆಯುವುದು ಇರಲಿ.

ಗಿರಿ_ದಾವಣಗೆರೆ
ತುಂಬಾ ಉಪಕಾರ ಆಯ್ತು. ನಾವು ನೋಡಿದ ಸಫೈರ್ ಮಾಡೆಲ್ ಚಪ್ಪಟೆಯೇ. ಅಂಚು, ಲೇಪನ ಎರಡನ್ನೂ ಭಾನುವಾರ ಹೋಗಿ ನೋಡುತ್ತೇನೆ.

ಕೋಟೆ_ಕಿರಣ
ನಾನಾಗಿದ್ದರೆ ಈಗಲೂ ಮಿನರಲ್ ಗಾಜಿನದ್ದೇ ತಗೊಳ್ಳುತ್ತಿದ್ದೆ. ಮಬ್ಬಾದರೆ ಕೆಲವು ನೂರು ರೂಪಾಯಿಗೆ ಹೊಸ ಗಾಜು ಹಾಕಿಸಬಹುದು. ಸಫೈರ್ ಒಡೆದರೆ ಅದರ ಹಲವು ಪಟ್ಟು ಖರ್ಚು. ಮೂರು ಸಾವಿರದಲ್ಲಿ ಎಷ್ಟು ಸಲ ಗಾಜು ಬದಲಿಸಬಹುದು ಲೆಕ್ಕ ಹಾಕಿ.

ಚಿಕ್ಕಪೇಟೆ_ಗಡಿಯಾರ
ನಿಮ್ಮ ಲೆಕ್ಕ ನ್ಯಾಯವಾದದ್ದೇ. ಹಾಗೆ ಮಾಡುವ ಗಿರಾಕಿಗಳೂ ಇದ್ದಾರೆ. ಆದರೆ ಪ್ರತಿ ಸಲ ಗಾಜು ಬಿಚ್ಚಿದಾಗ ನೀರು ಒಳಗೆ ಹೋಗದಂತೆ ತಡೆಯುವ ಗ್ಯಾಸ್ಕೆಟ್ ಉಂಗುರ ಹೊಸದು ಹಾಕಬೇಕು. ಹಾಗೆ ಮಾಡದವರೇ ಜಾಸ್ತಿ.

ಶಾರದಾ_ಸ್ಟೇಷನರಿ
ಹೆಂಗಸರ ಕಡೆಯಿಂದ ಒಂದು ಎಚ್ಚರಿಕೆ. ವಜ್ರದ ಉಂಗುರ ಇರುವ ಕೈಯಿಂದ ಸಫೈರ್ ವಾಚ್ ಒರೆಸಬೇಡಿ, ಗೀರು ಖಂಡಿತ. ಕೆಲವು ಉಗುರು ಉಜ್ಜುವ ಅರದ ಮೇಲೆ ಇರುವುದೂ ಸಫೈರಿನ ಜಾತಿಯದೇ ಪುಡಿ. ವಾಚ್ ಜೊತೆ ಒಂದೇ ಪರ್ಸಿನಲ್ಲಿ ಹಾಕಬೇಡಿ.

ಬೈಕ್_ಬೆಳಗಾವಿ
ಒಂದು ಅರ್ಜೆಂಟ್ ಪ್ರಶ್ನೆ. ಇದೆಲ್ಲ ಓದಿ ನನ್ನ ವಾಚ್ ಅಂಚು ನೋಡಿದೆ. ನಾಲ್ಕರ ಅಂಕಿ ಹತ್ತಿರ ಸಫೈರಿಗೆ ಸಾಸಿವೆ ಗಾತ್ರದ ಚಕ್ಕೆ ಎದ್ದಿದೆ. ವಾಚ್ ನಡೆಯುತ್ತಿದೆ. ಹಾಗೇ ಕಟ್ಟಬಹುದಾ?

ಚಿಕ್ಕಪೇಟೆ_ಗಡಿಯಾರ
ಕ್ವಾರ್ಟ್ಜ್, ಅಂದರೆ ಬ್ಯಾಟರಿ ವಾಚಾ? ಹಾಗಿದ್ದರೆ ಈಗಲೇ ಕ್ರೌನ್ (ಟೈಮ್ ತಿರುಗಿಸುವ ಪಕ್ಕದ ಗುಂಡಿ) ಹೊರಗೆ ಎಳೆದು ನಿಲ್ಲಿಸಿ. ಚೂರು ಒಳಗೆ ಬಿದ್ದಿದ್ದರೆ ಅದು ಡಯಲ್ ಮತ್ತು ಮುಳ್ಳಿನ ನಡುವೆ ಸಿಕ್ಕಿಕೊಂಡು ಕೆರೆಯುತ್ತದೆ. ಹಲ್ಲುಚಕ್ರದ ತನಕ ಹೋದರೆ ಪೂರ್ತಿ ಬಿಚ್ಚಿ ತೊಳೆಯಬೇಕು. ಗಾಜು ಕೆಳಮುಖ ಮಾಡಿ ಇಡಿ, ಅಲ್ಲಾಡಿಸಬೇಡಿ, ಊದಬೇಡಿ. ಬದಲಿಸಲು ಕೊಟ್ಟಾಗ ಗ್ಯಾಸ್ಕೆಟ್ ಹೊಸದು ಹಾಕಿ, ನೀರಿನ ಒತ್ತಡದ ಪರೀಕ್ಷೆ ಮಾಡಿ ಕೊಡಿ ಅಂತ ಬಾಯಿ ಬಿಟ್ಟು ಕೇಳಿ.

ಬೈಕ್_ಬೆಳಗಾವಿ
ಕ್ವಾರ್ಟ್ಜೇ. ಕ್ರೌನ್ ಎಳೆದಿಟ್ಟೆ. ಹೊಸ ಗಾಜು ಹಾಕಿಸುವಾಗ ಒಳಗೆ ಲೇಪನ ಇರುವುದನ್ನೇ ಹಾಕಿಸಬಹುದಾ?

ಚಿಕ್ಕಪೇಟೆ_ಗಡಿಯಾರ
ಹಾಕಿಸಬಹುದು. ಅಡ್ಡಳತೆ, ದಪ್ಪ ಎರಡೂ ಹೊಂದಬೇಕು ಅಷ್ಟೇ. ಹಳೆಯ ಗಾಜನ್ನು ಎಸೆಯದೆ ಅಂಗಡಿಗೆ ತಗೊಂಡು ಹೋಗಿ, ಅದನ್ನೇ ಕ್ಯಾಲಿಪರ್‌ನಲ್ಲಿ ಹಿಡಿದು ಅಳೆಯುತ್ತಾರೆ.